ಗರೀಬ್: ಅರಬ್ಬಿಯ ಒಂದು ಗುಣವಾಚಕ

ಗರೀಬ್ ಎಂಬುದು ಅರಬ್ಬಿ ಭಾಷೆಯ ಗುಣವಾಚಕ. ಹೊರಗಿನ, ಅಪರಿಚಿತ, ಊರು ಬಿಟ್ಟು ಬಂದ, ಬಳಕೆಯಲ್ಲಿ ಅಪರೂಪವಾದ, ವಿಚಿತ್ರವಾದ ಎಂಬುವು ಅದರ ಅರ್ಥಗಳು. ಕನ್ನಡಿಗರ ಕಿವಿಗೆ ಈ ಪದ ಹೊಸದಲ್ಲ. ಆದರೆ ನಮ್ಮಲ್ಲಿ ಗರೀಬನೆಂದರೆ ಬಡವ. ಅರಬ್ಬಿಯಲ್ಲಿ ಇದಕ್ಕೆ ಬಡತನದ ಅರ್ಥ ಇಲ್ಲ. ಕೈರೋದಲ್ಲೋ ಬಾಗ್ದಾದಿನಲ್ಲೋ ಒಬ್ಬನನ್ನು ಗರೀಬ್ ಎಂದರೆ ಅವನ ಬಳಿ ಹಣ ಇದೆಯೋ ಇಲ್ಲವೋ ಎಂಬ ಮಾತೇ ಬರುವುದಿಲ್ಲ. ಅವನು ಈ ಊರಿನವನಲ್ಲ ಎಂದಷ್ಟೇ ತಿಳಿಯುತ್ತದೆ. ಒಂದು ಸಂಗತಿಯನ್ನು ಗರೀಬ್ ಎಂದರೆ ಅದು ನಂಬಲು ಕಷ್ಟವಾದದ್ದು, ಎಂದೂ ಕಾಣದಂಥದ್ದು.

ಕರೀಮ್, ರಹೀಮ್, ಕಬೀರ್, ಜಮೀಲ್ ಎಂಬ ಹೆಸರುಗಳು ನಮ್ಮೂರುಗಳಲ್ಲಿ ಎಲ್ಲರಿಗೂ ಪರಿಚಿತ. ಗರೀಬ್ ಕೂಡ ಅದೇ ಅಚ್ಚಿನಲ್ಲಿ ಮೂಡಿದ ಪದ. ಸ್ಥಿರವಾದ ಗುಣವನ್ನು ಹೇಳಲು ಅರಬ್ಬಿ ಬಳಸುವ ಪದರೂಪಗಳಲ್ಲಿ ಇದು ಮುಖ್ಯವಾದದ್ದು. ಸ್ತ್ರೀಲಿಂಗದಲ್ಲಿ ಗರೀಬಾ, ಮನುಷ್ಯರ ಬಹುವಚನದಲ್ಲಿ ಗುರಬಾ, ವಿಚಿತ್ರ ಸಂಗತಿಗಳ ಬಹುವಚನದಲ್ಲಿ ಗರಾಯಿಬ್, ‘ಇನ್ನೂ ವಿಚಿತ್ರ’ ಎನ್ನಲು ಅಗ್ರಬ್. ಮೊದಲ ಅಕ್ಷರ ನಮ್ಮ ಗಕಾರವಲ್ಲ. ಗಂಟಲಿನ ಬಳಿ ಉಸಿರನ್ನು ಉಜ್ಜಿ ಹೊರಡಿಸುವ ಗ಼ೈನ್ ಎಂಬ ಧ್ವನಿ ಅದು. ಕನ್ನಡದಲ್ಲಿ ಆ ಧ್ವನಿ ಇಲ್ಲದ್ದರಿಂದ ಗಕಾರವೇ ಅದರ ಜಾಗದಲ್ಲಿ ನಿಂತಿದೆ.

ಪದದ ಬೇರು

ಗ಼ೈನ್, ರಾ, ಬಾ ಎಂಬ ಮೂರು ಅಕ್ಷರಗಳ ಧಾತುವಿನಿಂದ ಈ ಪದ ಹುಟ್ಟಿದೆ. ಮರೆಯಾಗುವುದು, ದೂರ ಸರಿಯುವುದು ಆ ಧಾತುವಿನ ಮೂಲಭಾವ. ಸೂರ್ಯ ಮರೆಯಾಗುವುದಕ್ಕೆ ಗುರೂಬ್, ಅವನು ಮರೆಯಾಗುವ ದಿಕ್ಕಿಗೆ ಗರ್ಬ್, ಮರೆಯಾಗುವ ಹೊತ್ತಿಗೂ ಜಾಗಕ್ಕೂ ಮಗ್ರಿಬ್ ಎನ್ನುತ್ತಾರೆ. ಮುಸ್ಸಂಜೆಯ ಮಗ್ರಿಬ್ ನಮಾಜು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮೊರೊಕ್ಕೊ ದೇಶಕ್ಕೆ ಅರಬ್ಬಿಯಲ್ಲಿರುವ ಹೆಸರೂ ಅಲ್‌ಮಗ್ರಿಬ್ ಎಂದೇ. ಪೋರ್ಚುಗಲ್ಲಿನ ದಕ್ಷಿಣದ ಅಲ್ಗಾರ್ವ್ ಸೀಮೆಯ ಹೆಸರಿನಲ್ಲಿ ‘ಅಲ್‌ಗರ್ಬ್’ ಉಳಿದುಕೊಂಡಿದೆ, ಏಕೆಂದರೆ ಅರಬ್ಬರ ಆಳ್ವಿಕೆಯಲ್ಲಿದ್ದ ಅಂದಲೂಸಿಯಾಕ್ಕೆ ಅದು ಪಶ್ಚಿಮದ ಅಂಚು. ಮಾಲ್ಟಾದ ಗೋಜೊ ದ್ವೀಪದ ಪಡುವಣ ತುದಿಯ ಹಳ್ಳಿಗೂ ಇದೇ ಹೆಸರಿದೆ. ಹೀಬ್ರೂವಿನಲ್ಲಿ ಸಂಜೆಗೆ ಎರೆವ್, ಪಡುವಣಕ್ಕೆ ಮಅರಾವ್ ಎನ್ನುವುದೂ ಈ ಧಾತುವಿನ ಬಳಗದ್ದೇ.

ಮುಳುಗುವ ಸೂರ್ಯನ ಹಾಗೆ ತನ್ನವರ ಕಣ್ಣಿನಿಂದ ಮರೆಯಾದವನೇ ಗರೀಬ್. ಅವನು ಇರುವ ಸ್ಥಿತಿಗೆ ಗುರ್ಬಾ ಎಂದು ಹೆಸರು. ಪರಸ್ಥಳದ ವಾಸ, ಅದರ ಜೊತೆಗೆ ಬರುವ ತಬ್ಬಲಿತನ ಎರಡೂ ಆ ಒಂದು ಪದದಲ್ಲಿ ಅಡಗಿವೆ. ಹಳೆಯ ನಿಘಂಟುಕಾರರು ಇದೇ ಧಾತುವಿನಡಿ ಬಗೆಬಗೆಯ ಪದಗಳನ್ನು ಸೇರಿಸಿದ್ದಾರೆ. ಯಾರು ಬಿಟ್ಟರೆಂದು ತಿಳಿಯದೆ ಬಂದು ನಾಟುವ ಬಾಣಕ್ಕೆ ‘ಸಹ್ಮ್ ಗರ್ಬ್’ ಎಂದು ಹೆಸರು. ಕಾಗೆಗೆ ಗುರಾಬ್ ಎನ್ನುತ್ತಾರೆ. ಪಾಳೆಯ ಕಿತ್ತು ಹೋದ ಜಾಗದಲ್ಲಿ ಬಂದು ಕೂರುವ ಈ ಹಕ್ಕಿಯನ್ನು ಪ್ರಾಚೀನ ಅರಬ್ಬೀ ಕವಿಗಳು ಅಗಲಿಕೆಯ ಶಕುನವಾಗಿ ಕಂಡು, ಅದರ ಹೆಸರನ್ನು ಗುರ್ಬಾದ ಜೊತೆ ಜೋಡಿಸಿ ಆಡಿದರು. ನೆಂಟರೊಳಗೆ ಬೇಡ, ಹೊರಗಿನವರಲ್ಲಿ ಮದುವೆಯಾಗಿ, ಇಲ್ಲದಿದ್ದರೆ ಸಂತಾನ ಸೊರಗುತ್ತದೆ ಎಂಬ ಹಳೆಯ ಹೇಳಿಕೆಯೊಂದರಲ್ಲಿ ‘ಹೊರಗೆ ಮದುವೆಯಾಗಿ’ ಎನ್ನುವುದಕ್ಕೆ ಬಂದಿರುವ ಕ್ರಿಯಾಪದವೂ ಇದೇ ಧಾತುವಿನದು.

ಕುರ್‌ಆನಿನಲ್ಲಿ ಪಶ್ಚಿಮ, ಸೂರ್ಯಾಸ್ತ, ಕಾಗೆ ಇವೆಲ್ಲ ಈ ಧಾತುವಿನಿಂದ ಬಂದಿದ್ದರೂ ಗರೀಬ್ ಎಂಬ ಗುಣವಾಚಕ ಎಲ್ಲಿಯೂ ಇಲ್ಲ. ಅದಕ್ಕೆ ತೂಕ ಬಂದದ್ದು ಪ್ರವಾದಿಯ ಮಾತುಗಳಾದ ಹದೀಸುಗಳಿಂದ.

ದಿನದ ಮಾತಿನಲ್ಲಿ

ಇಂದಿನ ಅರಬ್ಬಿ ಮಾತುಕತೆಯಲ್ಲಿ ಈ ಪದ ಹೆಚ್ಚಾಗಿ ಕೇಳಿಬರುವುದು ಅಚ್ಚರಿಯ ಉದ್ಗಾರವಾಗಿ. ನೆರೆಮನೆಯವರು ಹೇಳದೆ ಕೇಳದೆ ಊರು ಬಿಟ್ಟರೆ, ಬೇಸಿಗೆಯ ನಡುವೆ ಮಳೆ ಬಂದರೆ, ಇಟ್ಟ ಬೀಗದ ಕೈ ಇಟ್ಟಲ್ಲೇ ಇಲ್ಲದಿದ್ದರೆ ಈಜಿಪ್ಟಿನವರು ‘ಗರೀಬಾ!’ ಎನ್ನುತ್ತಾರೆ. ನಮ್ಮ ‘ಅರೆ, ಇದೇನಿದು!’ ಇದ್ದ ಹಾಗೆ. ಪತ್ರಿಕೆಯ ವರದಿಗಾರ ‘ಅಲ್‌ಗರೀಬು ಅನ್ನ’ ಎಂದು ವಾಕ್ಯ ಶುರುಮಾಡಿದರೆ ‘ವಿಚಿತ್ರವೆಂದರೆ’ ಎಂದು ಓದಿಕೊಳ್ಳಬೇಕು. ಕಲ್ಪನೆಗೂ ಮೀರಿದ ಸಂಗತಿಗೆ ‘ಅಗ್ರಬ್ ಮಿನ್ ಅಲ್‌ಖಯಾಲ್’ ಎಂಬುದು ಸಿದ್ಧ ನುಡಿಗಟ್ಟು. ಯಾರ ರೂಢಿಗೂ ಹೊಂದದಂತೆ ನಡೆದುಕೊಳ್ಳುವ ವ್ಯಕ್ತಿ ‘ಗರೀಬ್ ಅಲ್‌ಅತ್ವಾರ್’. ವೈದ್ಯರ ಬಾಯಲ್ಲಿ ‘ಜಿಸ್ಮ್ ಗರೀಬ್’ ಎಂದರೆ ಕಣ್ಣಿಗೋ ಗಂಟಲಿಗೋ ಸೇರಿಕೊಂಡ ಹೊರವಸ್ತು.

ಈ ಪದವನ್ನು ಅಲ್ಲಗಳೆದು ಆಡುವ ಮಾತುಗಳಲ್ಲಿ ನನಗೆ ಹೆಚ್ಚಿನ ಸೊಗಸು ಕಾಣುತ್ತದೆ. ಮನೆಗೆ ಬಂದವರು ಸಂಕೋಚದಿಂದ ಬಾಗಿಲಲ್ಲೇ ನಿಂತರೆ ‘ನೀವು ಗರೀಬ್ ಅಲ್ಲ’ ಎನ್ನುತ್ತಾರೆ. ನೀವೇನು ಹೊರಗಿನವರೇ, ಒಳಗೆ ಬನ್ನಿ ಎಂದು ಅದರ ಅರ್ಥ. ಉಪಕಾರ ಮಾಡಿದವರನ್ನು ಹೊಗಳುವಾಗ ‘ಇದು ನಿಮಗೆ ಗರೀಬ್ ಅಲ್ಲ’ ಎಂದರೆ ಇಂಥ ಒಳ್ಳೆಯತನ ನಿಮಗೆ ಹೊಸದೇನಲ್ಲ ಎಂದು ಮೆಚ್ಚಿದ ಹಾಗೆ. ಎಲ್ಲೋ ನೋಡಿದ ಮುಖ ಎನ್ನಬೇಕಾದಾಗಲೂ ಈ ಮುಖ ನನಗೆ ಗರೀಬ್ ಅಲ್ಲ ಎಂದೇ ಹೇಳುತ್ತಾರೆ.

ಗಾದೆಗಳಲ್ಲಿ ಹಳೆಯ ಕುಲಜೀವನದ ಕಾಠಿಣ್ಯ ಉಳಿದಿದೆ. ಚಿಕ್ಕಪ್ಪನ ಮಗನ ವಿರುದ್ಧ ನಾನೂ ನನ್ನ ಅಣ್ಣನೂ ಒಂದು, ಗರೀಬನ ವಿರುದ್ಧ ನಾನೂ ಚಿಕ್ಕಪ್ಪನ ಮಗನೂ ಒಂದು ಎಂಬ ಗಾದೆ ಅರಬ್ ನಾಡುಗಳ ಉದ್ದಗಲಕ್ಕೂ ಇದೆ. ಪರಸ್ಥಳದವನಿಗೆ ಕಣ್ಣಿದ್ದರೂ ಅವನು ಕುರುಡ ಎಂಬುದು ಇನ್ನೊಂದು. ‘ಯಾ ಗರೀಬ್, ಕುನ್ ಅದೀಬ್’ ಎಂಬ ಪ್ರಾಸದ ಗಾದೆ ಹೊರಗಿನಿಂದ ಬಂದವನೇ ನಯವಾಗಿ ನಡೆದುಕೋ ಎಂದು ಬುದ್ಧಿ ಹೇಳುತ್ತದೆ. ಮೂರರಲ್ಲೂ ಮಾತಾಡುತ್ತಿರುವವನು ಒಳಗಿನವನು. ಹೊರಗಿನವನ ಮಾತು ಸಿಗುವುದು ಸಾಹಿತ್ಯದಲ್ಲಿ.

ವಿದ್ವಾಂಸರ ಗರೀಬ್

ಹದೀಸ್ ಶಾಸ್ತ್ರದಲ್ಲಿ ಇದೊಂದು ಪಾರಿಭಾಷಿಕ ಪದ. ಪ್ರವಾದಿಯ ಒಂದು ಮಾತು ಯಾವುದಾದರೂ ಒಂದು ಹಂತದಲ್ಲಿ ಒಬ್ಬನೇ ವರದಿಗಾರನ ಮೂಲಕ ದಾಟಿ ಬಂದಿದ್ದರೆ ಅದು ಗರೀಬ್ ಹದೀಸ್. ಜೊತೆಗೆ ಸಾಕ್ಷಿ ನುಡಿಯುವವರಿಲ್ಲದೆ ಒಂಟಿಯಾಗಿ ಬಂದದ್ದು ಎಂಬುದು ಅಲ್ಲಿನ ಭಾವ. ಹಾಗೆಂದು ಅದು ಸುಳ್ಳು ಎಂದಲ್ಲ. ಕರ್ಮಗಳ ಬೆಲೆ ಅವುಗಳ ಉದ್ದೇಶದಲ್ಲಿದೆ ಎಂಬ ಸುಪ್ರಸಿದ್ಧ ಹದೀಸನ್ನು ಸಂಗ್ರಾಹಕ ಬುಖಾರಿ ತನ್ನ ಸಂಗ್ರಹದ ಮೊಟ್ಟಮೊದಲಿಗೆ ಇಟ್ಟಿದ್ದಾನೆ. ಖಲೀಫ ಉಮರ್ ಅವರಿಂದ ಹಿಡಿದು ಮುಂದಿನ ಮೂರು ಹಂತಗಳವರೆಗೂ ಅದು ಒಬ್ಬೊಬ್ಬರಿಂದಲೇ ದಾಟಿ ಬಂದಿದೆ. ಶಾಸ್ತ್ರದ ಲೆಕ್ಕದಲ್ಲಿ ಅದು ಗರೀಬ್, ಆದರೂ ಅದರ ಪ್ರಾಮಾಣ್ಯವನ್ನು ಪಂಡಿತರು ಒಪ್ಪಿದ್ದಾರೆ. 892ರಲ್ಲಿ ತೀರಿಕೊಂಡ ತಿರ್ಮಿಜಿಯ ಸಂಗ್ರಹದಲ್ಲಿ ಹದೀಸುಗಳ ಕೊನೆಗೆ ‘ಹಸನ್ ಗರೀಬ್’, ಅಂದರೆ ಒಳ್ಳೆಯದು ಆದರೆ ಒಂಟಿ, ಎಂಬ ಟಿಪ್ಪಣಿ ಮತ್ತೆ ಮತ್ತೆ ಬರುತ್ತದೆ.

ಇನ್ನೊಂದು ಬಳಕೆ ಭಾಷೆಗೆ ಸಂಬಂಧಿಸಿದ್ದು. ಇಸ್ಲಾಮು ಅರೇಬಿಯಾದಿಂದ ಹೊರಗೆ ಹರಡಿದಂತೆ ಕುರ್‌ಆನಿನ ಮತ್ತು ಹದೀಸಿನ ಎಷ್ಟೋ ಪದಗಳು ಪಟ್ಟಣಿಗರಿಗೆ ತಿಳಿಯದಾದವು. ಅಂಥ ಅಪರೂಪದ ಪದಗಳನ್ನು ಗರೀಬ್ ಎಂದು ಕರೆದು, ಅವಕ್ಕೆ ಅರ್ಥ ಹೇಳುವ ಗ್ರಂಥಗಳ ಒಂದು ಪ್ರಕಾರವೇ ಬೆಳೆಯಿತು. ಅಬೂ ಉಬೈದ್ (ನಿಧನ 838), ಇಬ್ನ್ ಕುತೈಬಾ (ನಿಧನ 889), ಮಜ್ದುದ್ದೀನ್ ಇಬ್ನ್ ಅಲ್‌ಅಸೀರ್ (ನಿಧನ 1210) ಇದರಲ್ಲಿ ದೊಡ್ಡ ಹೆಸರುಗಳು. ಅರಬ್ಬಿ ನಿಘಂಟು ವಿದ್ಯೆಗೆ ಬುನಾದಿ ಹಾಕಿದ ಕೆಲಸಗಳಲ್ಲಿ ಇದೂ ಒಂದು.

ಪರಸ್ಥಳದವನ ಸಾಹಿತ್ಯ

ಈ ಲೋಕದಲ್ಲಿ ಗರೀಬನ ಹಾಗೆ, ದಾರಿಹೋಕನ ಹಾಗೆ ಇರು ಎಂದು ಪ್ರವಾದಿಯವರು ಇಬ್ನ್ ಉಮರನ ಭುಜ ಹಿಡಿದು ಹೇಳಿದ್ದಾಗಿ ಬುಖಾರಿಯ ಸಂಗ್ರಹದಲ್ಲಿದೆ. ಇಸ್ಲಾಮು ಗರೀಬ್ ಆಗಿ ಮೊದಲಾಯಿತು, ಮತ್ತೆ ಗರೀಬ್ ಆಗುತ್ತದೆ, ಗುರಬಾಗಳಿಗೆ ಶುಭವಾಗಲಿ ಎಂಬರ್ಥದ ಇನ್ನೊಂದು ಹದೀಸು ಮುಸ್ಲಿಮ್ ಎಂಬ ಹೆಸರಿನ ಸಂಗ್ರಾಹಕನ ಸಂಗ್ರಹದಲ್ಲಿದೆ. ಇವೆರಡರಿಂದ ಗರೀಬ್ ಎಂಬ ಪದಕ್ಕೆ ಕೀಳಲ್ಲದ, ಗೌರವದ ಅರ್ಥವೊಂದು ಬಂದಿತು. ಸೂಫಿಗಳು ಇದನ್ನು ಒಳಗಿಳಿಸಿಕೊಂಡರು: ಆತ್ಮದ ತವರು ಬೇರೆಲ್ಲೋ ಇದೆ, ಇಲ್ಲಿ ಎಲ್ಲರೂ ಪರದೇಶಿಗಳೇ. ನಮ್ಮ ಕಾಲದ ಉಗ್ರಗಾಮಿ ಗುಂಪುಗಳು ಎರಡನೆಯ ಹದೀಸನ್ನು ಎಳೆದುಕೊಂಡು ತಮ್ಮನ್ನು ತಾವೇ ಗುರಬಾ ಎಂದು ಕರೆದುಕೊಂಡದ್ದು ಈ ಪದಕ್ಕೆ ಆದ ಅನ್ಯಾಯ.

1023ರಲ್ಲಿ ತೀರಿಕೊಂಡ ಅಬೂ ಹಯ್ಯಾನ್ ಅಲ್‌ತೌಹೀದಿ ಬಾಗ್ದಾದಿನ ದೊಡ್ಡ ಗದ್ಯಲೇಖಕ. ಬದುಕಿಡೀ ಆಶ್ರಯಕ್ಕಾಗಿ ಅಲೆದವನು. ಊರು ಬಿಟ್ಟವನು ಗರೀಬನೆಂದು ಎಲ್ಲರೂ ಹೇಳುತ್ತಾರೆ, ಆದರೆ ಸ್ವಂತ ಊರಿನಲ್ಲೇ ಇದ್ದು ಹೊರಗಿನವನಾದವನೇ ನಿಜವಾದ ಗರೀಬ ಎಂಬುದು ಅವನ ನಿಲುವು. ಸುಮಾರು ಅದೇ ಕಾಲದ, ಅಬುಲ್ ಫರಜ್ ಅಲ್‌ಇಸ್ಫಹಾನಿಯ ಹೆಸರಿನಲ್ಲಿ ಪ್ರಚಲಿತವಾದ ‘ಅದಬ್ ಅಲ್‌ಗುರಬಾ’ ಎಂಬ ಪುಸ್ತಕ ಇನ್ನೂ ವಿಶಿಷ್ಟವಾದದ್ದು. ಪರಸ್ಥಳಗಳಲ್ಲಿ ಅಲೆದವರು ಛತ್ರದ ಗೋಡೆ, ಮಸೀದಿಯ ಕಂಬ, ಹಾಳುಬಿದ್ದ ಅರಮನೆ ಮುಂತಾದೆಡೆ ಗೀಚಿ ಹೋದ ಬರಹಗಳ ಸಂಗ್ರಹ ಅದು. ಹೆಸರು, ತಾರೀಕು, ಎರಡು ಸಾಲು ದುಃಖ. ಕೆಲವೆಡೆ ಅದರ ಕೆಳಗೆ ಮುಂದೆ ಬಂದ ಇನ್ನೊಬ್ಬ ಪರಸ್ಥಳದವನು ಬರೆದ ಉತ್ತರ.

ಇಬ್ನ್ ಬತೂತನನ್ನು ಇಲ್ಲಿ ಬಿಡಲಾಗದು. 1304ರಲ್ಲಿ ಮೊರೊಕ್ಕೊದ ಟ್ಯಾಂಜಿಯರಿನಲ್ಲಿ ಹುಟ್ಟಿದ ಈತ 1325ರಲ್ಲಿ ಮನೆ ಬಿಟ್ಟು ಟ್ಯೂನಿಸ್ ತಲುಪಿದಾಗ ಊರಿನ ಜನ ಅವನ ಜೊತೆಗೆ ಬಂದವರನ್ನೆಲ್ಲ ಕಂಡು ಸಲಾಮು ಹೇಳಿದರು. ಪರಿಚಯದವರು ಇಲ್ಲದ ಅವನನ್ನು ಯಾರೂ ಮಾತಾಡಿಸಲಿಲ್ಲ. ಅವನು ಅತ್ತುಬಿಟ್ಟ, ಜೊತೆಯ ಯಾತ್ರಿಕನೊಬ್ಬ ಬಳಿ ಬಂದು ಸಮಾಧಾನ ಮಾಡಿದ. 1355ರಲ್ಲಿ ಅವನು ಹೇಳಿ ಬರೆಸಿ ಮುಗಿಸಿದ ಪ್ರವಾಸಕಥನದ ಪೂರ್ಣ ಹೆಸರಿನಲ್ಲಿ ‘ಗರಾಯಿಬ್’ ಎಂಬ ಪದವಿದೆ, ನಗರಗಳ ವಿಚಿತ್ರಗಳು ಎಂಬ ಅರ್ಥದಲ್ಲಿ. ಅಂಥ ವಿಚಿತ್ರಗಳಲ್ಲಿ ಒಂದನ್ನು ಅವನು ಕಂಡದ್ದು ನಮ್ಮ ಹೊನ್ನಾವರದಲ್ಲಿ. ಅಲ್ಲಿನ ಹೆಂಗಸರೆಲ್ಲ ಕುರ್‌ಆನನ್ನು ಬಾಯಿಪಾಠ ಮಾಡಿದ್ದಾರೆ, ಹುಡುಗಿಯರಿಗೇ 13 ಶಾಲೆಗಳೂ ಹುಡುಗರಿಗೆ 23 ಶಾಲೆಗಳೂ ಇವೆ, ಬೇರೆಲ್ಲೂ ಇಂಥದ್ದನ್ನು ನೋಡಲಿಲ್ಲ ಎಂದು ಅವನು ದಾಖಲಿಸಿದ್ದಾನೆ. ಅಳುತ್ತ ನಿಂತ ಗರೀಬನೂ ಬೆರಗಾಗಿ ನಿಂತ ಗರೀಬನೂ ಒಬ್ಬನೇ. ಪದದ ಎರಡು ಮುಖ್ಯ ಅರ್ಥಗಳು ಅವನೊಬ್ಬನ ಬದುಕಿನಲ್ಲೇ ಕೂಡಿಕೊಂಡಿವೆ.

ತಳದ ಜನರ ಲೋಕದಲ್ಲಿ ಇದು ಒಂದು ಸಮುದಾಯದ ಹೆಸರೂ ಆಗಿತ್ತು. ಊರೂರು ತಿರುಗಿ ಹಾವಾಡಿಸಿ, ದೊಂಬರಾಟವಾಡಿ, ತಾಯಿತ ಮಾರಿ, ಬೇಡಿ ಬದುಕುತ್ತಿದ್ದವರು ತಮ್ಮನ್ನು ಗುರಬಾ ಎಂದು ಕರೆದುಕೊಳ್ಳುತ್ತಿದ್ದರು. ಮೋಸುಲ್‌ನಿಂದ ಕೈರೋಗೆ ಬಂದು ನೆಲೆಸಿದ್ದ ಕಣ್ಣಿನ ವೈದ್ಯ ಇಬ್ನ್ ದಾನಿಯಾಲ್ 13ನೆಯ ಶತಮಾನದಲ್ಲಿ ರಚಿಸಿದ ನೆರಳು ಬೊಂಬೆಯಾಟಗಳಲ್ಲಿ ಒಂದರ ಹೆಸರು ‘ಅಜೀಬ್ ಮತ್ತು ಗರೀಬ್’. ಅದರಲ್ಲಿ ಈ ಜನರೆಲ್ಲ ಸಾಲಾಗಿ ಪರದೆಗೆ ಬಂದು ತಮ್ಮ ತಮ್ಮ ಕಸುಬು ತೋರಿಸಿ ಹೋಗುತ್ತಾರೆ.

ಪುಣ್ಯಸ್ಥಳಗಳಿಗೂ ಈ ಹೆಸರು ಅಂಟಿದೆ. ಈಜಿಪ್ಟಿನ ಸೂಯೆಜ್ ನಗರದ ಪಾಲಕ ಸಂತ ಸೀದಿ ಅಲ್‌ಗರೀಬ್. ಟ್ಯುನೀಸಿಯಾದ ಜೆರ್ಬಾ ದ್ವೀಪದಲ್ಲಿರುವ ಯೆಹೂದಿಗಳ ಪ್ರಸಿದ್ಧ ಪ್ರಾರ್ಥನಾ ಮಂದಿರದ ಹೆಸರು ಅಲ್‌ಗ್ರೀಬಾ, ಅಂದರೆ ಪರಸ್ಥಳದ ಒಂಟಿ ಹೆಂಗಸು. ಎಲ್ಲಿಂದಲೋ ಬಂದ ಹುಡುಗಿಯೊಬ್ಬಳು ಗುಡಿಸಲಲ್ಲಿ ಒಬ್ಬಳೇ ಇದ್ದಳು, ಒಂದು ರಾತ್ರಿ ಗುಡಿಸಲು ಸುಟ್ಟುಹೋಯಿತು, ಅವಳ ದೇಹಕ್ಕೆ ಬೆಂಕಿ ತಾಗಿರಲಿಲ್ಲ, ಬದುಕಿದ್ದಾಗ ಹತ್ತಿರ ಸೇರಿಸದಿದ್ದ ಊರವರು ಅವಳ ಹೆಸರಿನಲ್ಲಿ ಮಂದಿರ ಕಟ್ಟಿದರು ಎಂದು ಅಲ್ಲಿನವರು ಕಥೆ ಹೇಳುತ್ತಾರೆ. ಪ್ರತಿವರ್ಷ ಅಲ್ಲಿ ಜಾತ್ರೆ ನಡೆಯುತ್ತದೆ.

ಹೊರಗಿನವನು ಬಡವನಾದ ಬಗೆ

ಅರಬ್ಬಿಯಿಂದ ಪಾರ್ಸಿಗೆ ಹೋದಾಗಲೂ ಪದದ ಅರ್ಥ ಹೆಚ್ಚು ಬದಲಾಗಲಿಲ್ಲ. ಮದೀನಾದಲ್ಲಿ ಹುಟ್ಟಿ 818ರಲ್ಲಿ ಇರಾನಿನ ತೂಸ್ ಸೀಮೆಯಲ್ಲಿ ತೀರಿಕೊಂಡ ಇಮಾಮ್ ರಜಾ ಅವರನ್ನು ಶಿಯಾಗಳು ‘ಗರೀಬುಲ್ ಗುರಬಾ’, ಅಂದರೆ ಪರಸ್ಥಳದವರಲ್ಲೇ ಪರಸ್ಥಳದವರು ಎಂದು ನೆನೆಯುತ್ತಾರೆ. ಕರ್ಬಲಾದ ಕದನ ಮುಗಿದ ರಾತ್ರಿಗೆ ‘ಶಾಮೆ ಗರೀಬಾ’ ಎಂದು ಹೆಸರು. ಗಂಡಸರನ್ನು ಕಳೆದುಕೊಂಡು ಯಾರ ನೆರಳೂ ಇಲ್ಲದೆ ಉಳಿದ ಹೆಂಗಸರ, ಮಕ್ಕಳ ಸಂಜೆ ಅದು. ಕುರ್ದಿ ಭಾಷೆಯಲ್ಲಿ ಒಬ್ಬರ ನೆನಪು ಕಾಡುವುದನ್ನು ಹೇಳುವುದಕ್ಕೂ ಇದೇ ಪದದಿಂದ ಮಾಡಿಕೊಂಡ ಕ್ರಿಯಾಪದವಿದೆ. ತುರ್ಕಿಯಲ್ಲಿ ‘ಗರಿಪ್’ ಎಂದರೆ ವಿಚಿತ್ರವೂ ಹೌದು, ಕನಿಕರ ಹುಟ್ಟಿಸುವಂಥದ್ದೂ ಹೌದು. 1941ರಲ್ಲಿ ಓರ್ಹಾನ್ ವೆಲಿ ತನ್ನಿಬ್ಬರು ಗೆಳೆಯರೊಡನೆ ಹೊರತಂದ, ತುರ್ಕಿ ಕಾವ್ಯದ ಹಾದಿಯನ್ನೇ ಬದಲಿಸಿದ ಸಂಕಲನದ ಹೆಸರು ಅದೇ. 1961ರ ಕಾರ್ಮಿಕ ಒಪ್ಪಂದದ ನಂತರ ಜರ್ಮನಿಗೆ ದುಡಿಯಲು ಹೋದ ತುರ್ಕರನ್ನು ಊರಿನವರು ‘ಗುರ್ಬೆತ್‌ಚಿ’ ಎಂದರು.

ಭಾರತಕ್ಕೆ ಬರುವಷ್ಟರಲ್ಲಿ ಕನಿಕರದ ಅರ್ಥ ಮುಂದಾಯಿತು. ಇದು ಹೇಗಾಯಿತೆಂದು ತಿಳಿಯಲು ನಮಗೆ ದೂರ ಹೋಗಬೇಕಿಲ್ಲ. ಕನ್ನಡದಲ್ಲೇ ‘ಪರದೇಶಿ’ ಎಂಬ ಪದವಿದೆ. ಬೇರೆ ದೇಶದವನು ಎಂದು ಶುರುವಾದ ಆ ಪದ ಹಳ್ಳಿಯ ಬಾಯಲ್ಲಿ ತಬ್ಬಲಿ, ಗತಿಗೆಟ್ಟವನು ಎಂದಾಗಿದೆ. ‘ಪರದೇಶಿ ಕೂಸು’ ಎಂದಾಗ ಪಾಸ್‌ಪೋರ್ಟಿನ ನೆನಪು ಯಾರಿಗೂ ಬರುವುದಿಲ್ಲ. ನೆಂಟರು, ಕುಲ, ಜಮೀನು ಇವೇ ಆಸ್ತಿಯಾಗಿದ್ದ ಸಮಾಜದಲ್ಲಿ ಇವೆಲ್ಲವನ್ನೂ ಬಿಟ್ಟು ಬಂದವನು ಬಂದ ದಿನದಿಂದಲೇ ಬಡವ. ಇಸ್ಲಾಮೀ ಧರ್ಮಶಾಸ್ತ್ರವೂ ಇದನ್ನು ಬಲ್ಲದು. ಕಡ್ಡಾಯ ದಾನವಾದ ಜಕಾತ್ ಪಡೆಯಲು ಅರ್ಹರಾದ ಎಂಟು ಬಗೆಯ ಜನರಲ್ಲಿ ದಾರಿಹೋಕನೂ ಒಬ್ಬ. ತನ್ನೂರಲ್ಲಿ ಅವನು ಸಿರಿವಂತನಾಗಿದ್ದರೂ ದಾರಿಯಲ್ಲಿ ಕೈ ಬರಿದಾದರೆ ಅವನಿಗೆ ಹಕ್ಕಿದೆ.

ಅಜ್ಮೀರದ ಖ್ವಾಜಾ ಮುಈನುದ್ದೀನ್ ಚಿಶ್ತಿಯವರ (ನಿಧನ 1236) ‘ಗರೀಬ್ ನವಾಜ್’ ಎಂಬ ಬಿರುದಿನಲ್ಲಿ ಎರಡೂ ಅರ್ಥಗಳು ಬೆರೆತಿವೆ. ಪಾರ್ಸಿಯಲ್ಲಿ ಅದು ಪರಸ್ಥಳದವರನ್ನು ಆದರಿಸುವವರು ಎಂದಾಗುತ್ತದೆ. ದರ್ಗಾಕ್ಕೆ ನಡೆದು ಬರುವ ಜನ ಬಡವರ ಬಂಧು ಎಂದುಕೊಳ್ಳುತ್ತಾರೆ. ನಿಜಾಮುದ್ದೀನ್ ಔಲಿಯಾ ಅವರ ಶಿಷ್ಯ, 1337ರಲ್ಲಿ ತೀರಿಕೊಂಡು ಖುಲ್ದಾಬಾದಿನಲ್ಲಿ ಸಮಾಧಿಯಾದ ಬುರ್ಹಾನುದ್ದೀನ್ ಗರೀಬ್ ಅವರ ಹೆಸರನ್ನೂ ಹೀಗೆಯೇ ಎರಡು ಬಗೆಯಾಗಿ ಕೇಳಬಹುದು. ಉರ್ದು ಶಿಷ್ಟಾಚಾರದಲ್ಲಿ ನಮ್ಮ ಮನೆ ‘ಗರೀಬ್‌ಖಾನಾ’, ಎದುರಿನವರದು ‘ದೌಲತ್‌ಖಾನಾ’. ಮರಾಠಿಯಲ್ಲಿ ಹಾಯದ, ಒದೆಯದ ಸಾಧುವಾದ ಹಸು ‘ಗರೀಬ್ ಗಾಯ್’. 1971ರ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ‘ಗರೀಬಿ ಹಟಾವೋ’ ಘೋಷಣೆ ದೇಶದ ಮೂಲೆಮೂಲೆಗೂ ಮುಟ್ಟಿದ ಮೇಲೆ, 2006ರಲ್ಲಿ ‘ಗರೀಬ್ ರಥ’ ರೈಲುಗಳು ಓಡತೊಡಗಿದ ಮೇಲೆ ಈ ಪದಕ್ಕೆ ಭಾರತದಲ್ಲಿ ಬೇರೆ ಅರ್ಥ ಇರಬಹುದೆಂಬ ಗುಮಾನಿಯೂ ಉಳಿಯಲಿಲ್ಲ.

ದಖನಿನ ಗರೀಬರು

ಹಳೆಯ ಅರ್ಥ ಮರೆತರೆ ಆಗುವ ನಷ್ಟ ದೊಡ್ಡದು, ಅದು ನಮ್ಮ ಚರಿತ್ರೆಯದು. ಕಲಬುರಗಿ ಮತ್ತು ಬೀದರಿನಿಂದ ಆಳಿದ ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಎರಡು ಬಣಗಳಿದ್ದವು. ಉತ್ತರ ಭಾರತದಿಂದ ಬಂದು ಇಲ್ಲಿ ಬೇರುಬಿಟ್ಟವರು, ಸ್ಥಳೀಯ ಮುಸ್ಲಿಮರು ದಖನಿಗಳು. ಆಫ್ರಿಕಾ ಮೂಲದ ಹಬಶಿಗಳು ಹೆಚ್ಚಾಗಿ ಇವರ ಜೊತೆಗಿದ್ದರು. ಇರಾನ್, ಇರಾಕ್, ಮಧ್ಯ ಏಷ್ಯಾಗಳಿಂದ ಕಡಲು ದಾಟಿ ಹೊಸದಾಗಿ ಬಂದವರು ಗರೀಬರು. ದಿಗಂತದಾಚೆಯವರು ಎಂಬರ್ಥದ ಆಫಾಕಿ ಎಂಬ ಹೆಸರೂ ಅವರಿಗಿತ್ತು. ಈ ಗರೀಬರಲ್ಲಿ ಬಡವರು ವಿರಳ. ಕುದುರೆ ವ್ಯಾಪಾರಿಗಳು, ಬಿಲ್ಲಾಳುಗಳು, ಲೇಖಕರು, ಆಡಳಿತ ನಿಪುಣರು ಅವರಲ್ಲಿದ್ದರು. ಬಸ್ರಾದ ವ್ಯಾಪಾರಿ ಖಲಫ್ ಹಸನ್ 1422ರಲ್ಲಿ ಅಹಮದ್ ಷಾ ಗದ್ದುಗೆ ಏರಲು ನೆರವಾಗಿ ‘ಮಲಿಕುತ್ತುಜ್ಜಾರ್’, ವರ್ತಕರ ಒಡೆಯ, ಎಂಬ ಬಿರುದು ಪಡೆದ. ಕೊಂಕಣದ ದಂಡಯಾತ್ರೆಯಲ್ಲಿ ಅವನು ಮಡಿದ ಮೇಲೆ, ಬದುಕುಳಿದು ಚಾಕಣದ ಕೋಟೆ ಸೇರಿದ್ದ ಗರೀಬರನ್ನು ದಖನಿ ಬಣದವರು ಕೊಂದರು. ಹಗೆ ಅಲ್ಲಿಂದ ಮುಂದೆ ಆರಲೇ ಇಲ್ಲ.

ಮಹಮೂದ್ ಗವಾನ್ ಈ ಗರೀಬರಲ್ಲಿ ಎಲ್ಲರಿಗಿಂತ ದೊಡ್ಡವನು. ಕ್ಯಾಸ್ಪಿಯನ್ ಸಮುದ್ರದ ದಡದ ಗೀಲಾನ್ ಸೀಮೆಯಿಂದ ವ್ಯಾಪಾರಿಯಾಗಿ ಬಂದು ಬೀದರಿನಲ್ಲಿ ವಜೀರನಾದ. ಪ್ರಾಂತಗಳನ್ನು ನಾಲ್ಕರಿಂದ ಎಂಟಕ್ಕೆ ಏರಿಸಿ ಪ್ರಾಂತಾಧಿಪತಿಗಳ ಬಲ ಕುಗ್ಗಿಸಿದ, ಅಧಿಕಾರದ ಹುದ್ದೆಗಳನ್ನು ಎರಡು ಬಣಗಳಿಗೂ ಹಂಚಿದ. 1472ರಲ್ಲಿ ಅವನು ಮುಗಿಸಿದ ಮದರಸಾ, ಮುಕ್ಕಾಗಿದ್ದರೂ, ಬಣ್ಣದ ಹೆಂಚುಗಳ ಮಿನಾರಿನೊಂದಿಗೆ ಇಂದಿಗೂ ಬೀದರಿನಲ್ಲಿ ನಿಂತಿದೆ. ಒರಿಸ್ಸಾದ ರಾಜನನ್ನು ದಂಡೆತ್ತಿ ಬರುವಂತೆ ಕರೆದ ಒಂದು ಕಾಗದವನ್ನು ವಿರೋಧಿಗಳು ಅವನ ಮುದ್ರೆ ಒತ್ತಿ ಸೃಷ್ಟಿಸಿದರು. ಕುಡಿದಿದ್ದ ಸುಲ್ತಾನ ವಿಚಾರಣೆ ಇಲ್ಲದೆ 1481ರಲ್ಲಿ ಅವನ ತಲೆ ಕಡಿಸಿದ. ಅಂದಿನಿಂದ ರಾಜ್ಯ ಕುಸಿಯಿತು, ಐದಾಗಿ ಒಡೆಯಿತು.

ವಿಜಯಪುರದಲ್ಲಿ ಆದಿಲಶಾಹಿ ಮನೆತನ ಸ್ಥಾಪಿಸಿದ ಯೂಸುಫ್ ಹೊರಗಿನಿಂದ ಬಂದವನೇ. ಅವನ ಮೊಮ್ಮಗ ಮೊದಲನೆಯ ಇಬ್ರಾಹಿಂ (1534–1558) ಗರೀಬರಲ್ಲಿ ಬಹುಪಾಲು ಜನರನ್ನು ಸೇವೆಯಿಂದ ತೆಗೆದು, ಲೆಕ್ಕಪತ್ರಗಳಲ್ಲಿ ಪಾರ್ಸಿಯ ಬದಲು ದೇಶಭಾಷೆಯನ್ನು ತಂದ. ಈ ಕಥೆಯನ್ನೆಲ್ಲ ನಮಗೆ ಹೆಚ್ಚಾಗಿ ಹೇಳಿದವನು 17ನೆಯ ಶತಮಾನದ ಆರಂಭದಲ್ಲಿ ವಿಜಯಪುರದಲ್ಲಿ ಕೂತು ಬರೆದ ಫರಿಷ್ತಾ. ಅವನೂ ಇರಾನಿನ ಅಸ್ತರಾಬಾದಿನಲ್ಲಿ ಹುಟ್ಟಿದ ಗರೀಬನೇ. ಅವನ ಒಲವು ಯಾರ ಕಡೆಗಿತ್ತೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು. ಪಾರ್ಸಿ ಆಕರಗಳನ್ನು ಉರ್ದು ಅಥವಾ ಕನ್ನಡದ ಕಿವಿಯಿಂದ ಓದಿ ‘ಗರೀಬರ ದಂಗೆ’, ‘ಗರೀಬರ ಕೊಲೆ’ ಎಂಬ ಮಾತುಗಳಲ್ಲಿ ಬಡವರ ಹೋರಾಟವನ್ನು ಕಂಡರೆ ಚರಿತ್ರೆ ತಲೆಕೆಳಗಾಗುತ್ತದೆ.

ಕೊಲ್ಲಿ ದೇಶಗಳಲ್ಲಿ

ಭಟ್ಕಳ, ಉಡುಪಿ, ಮಂಗಳೂರಿನ ಕಡೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿಗೆ ಈ ಅರ್ಥಭೇದ ದಿನಬಳಕೆಯದು. ತಾನು ಗರೀಬ್ ಎಂದು ಅರಬ್ ಮಾಲೀಕನ ಎದುರು ಹೇಳಿದರೆ, ನಾನು ಹೊರಗಿನವನು ಎಂದೋ ನಾನು ವಿಚಿತ್ರ ಮನುಷ್ಯ ಎಂದೋ ಅವನಿಗೆ ಕೇಳಿಸುತ್ತದೆ. ಬಡವ ಎನ್ನಲು ಅಲ್ಲಿ ಫಕೀರ್ ಅಥವಾ ಮಿಸ್ಕೀನ್ ಎನ್ನಬೇಕು. ನಮ್ಮಲ್ಲಿ ಫಕೀರನೆಂದರೆ ಜೋಳಿಗೆಯ ಸಾಧು. ಅರಬ್ಬಿಯಲ್ಲಿ ಬ್ಯಾಂಕಿನ ಅರ್ಜಿಯಲ್ಲೂ ಸರ್ಕಾರದ ವರದಿಯಲ್ಲೂ ಬಡವನಿಗೆ ಬಳಸುವ ಸಾಮಾನ್ಯ ಪದ ಅದು. ಹೊರನಾಡಿನಲ್ಲಿ ನೆಲೆಸಿ ದುಡಿಯುವವನಿಗೆ ಗರೀಬಿನ ಧಾತುವಿನಿಂದಲೇ ಮಾಡಿದ ಮುಗ್ತರಿಬ್ ಎಂಬ ಪದವಿದೆ. ಲೆಬನಾನ್, ಸಿರಿಯಾ, ಈಜಿಪ್ಟುಗಳಿಂದ ಹೊರಗೆ ಹೋಗಿ ಮನೆಗೆ ಹಣ ಕಳಿಸುವವರನ್ನೂ ಅಲ್ಲಿನ ಪತ್ರಿಕೆಗಳು ಹೀಗೆಯೇ ಕರೆಯುತ್ತವೆ. ವರ್ಷಗಟ್ಟಲೆ ಮಕ್ಕಳ ಮುಖ ನೋಡದೆ ದುಡಿಯುವ ಈಜಿಪ್ಟಿನವನೂ ಅವನ ಪಕ್ಕದ ಮಂಚದ ಕನ್ನಡಿಗನೂ ತಮ್ಮ ಸ್ಥಿತಿಗೆ ಗುರ್ಬಾ ಎಂಬ ಒಂದೇ ಪದ ಹೇಳಿಕೊಳ್ಳಬಹುದು, ಅದರಲ್ಲಿ ಅರ್ಥದ ಗೊಂದಲ ಇಲ್ಲ.